ಕೇಳಿದ್ದಕ್ಕಷ್ಟೇ ಉತ್ತರ: ಆರು ತಿಂಗಳು ಬಳಸಿದ ಒಂದು ಮಲ್ಟಿಮೀಟರ್

ಐದಕ್ಕೆ ಮೂರೂವರೆ ನಕ್ಷತ್ರ. ಕಳೆದ ಒಂದೂವರೆಯಲ್ಲಿ ಒಂದು ಮೀಟರಿನ ತಪ್ಪಿಗೆ, ಉಳಿದ ಅರ್ಧ ನನ್ನ ತಪ್ಪಿಗೆ. ನನಗೆ ನಕ್ಷತ್ರ ಕೊಡುವ ಜಾಗ ಎಲ್ಲೂ ಇಲ್ಲದ್ದರಿಂದ ಆ ಅರ್ಧವನ್ನೂ ಮೀಟರಿನ ಖಾತೆಗೇ ಬರೆದಿದ್ದೇನೆ. ಲೆಕ್ಕ ಬರೆಯುವವಳಾಗಿ ಹೀಗೆ ಮಾಡಬಾರದು, ಗೊತ್ತು.

ಹೌದು, 26 ವರ್ಷದಿಂದ ನನ್ನ ಕೆಲಸ ಲೆಕ್ಕ ಬರೆಯುವುದು. ಕಿರ್ದಿ, ಖಾತೆ, ತಾಳೆಪಟ್ಟಿ. ಬಲ್ಬು ಬದಲಿಸುವುದು ಬಿಟ್ಟರೆ ಕರೆಂಟಿನ ತಂಟೆಗೆ ಹೋದವಳಲ್ಲ. ಆದ್ದರಿಂದ ಇದು ಎಲೆಕ್ಟ್ರಿಷಿಯನ್ ಬರೆದ ವಿಮರ್ಶೆ ಅಲ್ಲ. ಮನೆಯ ವಾಷಿಂಗ್ ಮಷೀನನ್ನು ತಾನೇ ರಿಪೇರಿ ಮಾಡುತ್ತೇನೆಂದು ಹಟ ಹಿಡಿದು, ಅದಕ್ಕಾಗಿಯೇ ಕರೆಂಟು, ವೋಲ್ಟು, ತಡೆ ಅಳೆಯುವ ಮಲ್ಟಿಮೀಟರ್ ಕೊಂಡು, ಮೂರು ಭಾನುವಾರ ನೆಲದ ಮೇಲೆ ಕೂತವಳ ಅನುಭವ.

ಮಷೀನು ಎಂಟು ವರ್ಷ ಹಳೆಯದು, ಮುಂದುಗಡೆ ಗಾಜಿನ ಬಾಗಿಲಿರುವ ಬಗೆಯದು. ರೋಗ ವಿಚಿತ್ರವಾಗಿತ್ತು. ಬಟ್ಟೆ ಹಾಕಿ ಬಟನ್ ಒತ್ತಿದರೆ ನೀರು ತುಂಬುತ್ತದೆ, ಡ್ರಮ್ಮು ತಿರುಗುತ್ತದೆ, ಎಲ್ಲ ಸರಿ ಅನ್ನುವಷ್ಟರಲ್ಲಿ ಹತ್ತು ಹನ್ನೆರಡು ನಿಮಿಷಕ್ಕೆ ‘ಟಪ್’. ಮಷೀನು ಮಾತ್ರವಲ್ಲ, ಇಡೀ ಮನೆ ಕತ್ತಲು. ಮೇನ್ ಬಾಕ್ಸಿನಲ್ಲಿ ಆರ್‌ಸಿಸಿಬಿ ಎಂಬ, ತಾನಾಗಿ ಕರೆಂಟು ಕಡಿಯುವ ಸ್ವಿಚ್ಚು ಕೆಳಗೆ ಬಿದ್ದಿರುತ್ತಿತ್ತು. ಎತ್ತಿಟ್ಟು ಮತ್ತೆ ಶುರು ಮಾಡಿದರೆ ಮತ್ತೆ ‘ಟಪ್’. ಒಳಗೆ ಸೋಪಿನ ನೀರಿನಲ್ಲಿ ನೆನೆದ ಎರಡು ಚಾದರ, ಹೊರಗೆ ನಾನು.

ರಿಪೇರಿಯವನನ್ನು ಕರೆಸಿದೆ. ಬಂದ, ಬಟನ್ ಒತ್ತಿ ನೋಡಿದ, ಹಿಂದಿನ ತಗಡನ್ನು ಬಿಚ್ಚಲೂ ಇಲ್ಲ.

“ಬೋರ್ಡ್ ಹೋಗಿದೆ ಮೇಡಂ.”

“ಹೇಗೆ ಗೊತ್ತಾಯ್ತು?”

“ಈ ಮಾಡೆಲ್‌ಗೆ ಬೋರ್ಡೇ ಹೋಗೋದು.”

ಬೋರ್ಡ್ ಅಂದರೆ ಮಷೀನನ್ನು ನಡೆಸುವ ಎಲೆಕ್ಟ್ರಾನಿಕ್ ಹಲಗೆ. ಅದಕ್ಕೆ ಅವನು ಹೇಳಿದ ಮೊತ್ತ ಹೊಸ ಮಷೀನಿನ ಅರ್ಧಕ್ಕಿಂತ ಹೆಚ್ಚಿತ್ತು. ಮೊತ್ತಕ್ಕಿಂತ ನನಗೆ ತಡೆಯಲಾಗದ್ದು ಆ ಉತ್ತರ. ಒಂದು ಪೆನ್ನು ಕೊಂಡಿದ್ದಕ್ಕೂ ವೋಚರ್ ಕೇಳುವವಳು ನಾನು. ವೋಚರೇ ಇಲ್ಲದ ಇಷ್ಟು ದೊಡ್ಡ ಖರ್ಚನ್ನು ಹೇಗೆ ಒಪ್ಪಲಿ? ಯೋಚಿಸಿ ಹೇಳುತ್ತೇನೆ ಅಂದು ಕಳಿಸಿಕೊಟ್ಟೆ. ಆ ರಾತ್ರಿಯೇ ಮೀಟರ್ ತರಿಸಿದೆ. ಅವನು ಇನ್ನೊಮ್ಮೆ ಬಂದು ಹೋಗುವ ಖರ್ಚಿಗಿಂತ ಕಡಿಮೆ ಬೆಲೆ. “ಇನ್ನು ಮನೆ ಸುಡೋದೊಂದು ಬಾಕಿ” ಅಂದರು ನಮ್ಮವರು. ಅಂದು ಟಾರ್ಚ್ ಹುಡುಕಿ ಕೊಟ್ಟರು.

ಈಗ ಸಾಮಾನಿನ ವಿಷಯ. ಅಂಗೈಗಿಂತ ಸ್ವಲ್ಪ ಉದ್ದ, ಹಳದಿ ರಬ್ಬರಿನ ಅಂಗಿ ತೊಟ್ಟ ಡಿಜಿಟಲ್ ಮೀಟರ್. ಎರಡು ಸಣ್ಣ ಸೆಲ್ಲು, ನಡುವೆ ತಿರುಗುವ ಗುಂಡಿ, ಕೆಳಗೆ ಮೂರು ತೂತು, ಒಂದು ಕೆಂಪು ಒಂದು ಕಪ್ಪು ತಂತಿ. ರೇಂಜನ್ನು ಅದೇ ಆರಿಸಿಕೊಳ್ಳುತ್ತದೆ. ಓಮ್ ಕಡೆಗೆ, ಅಂದರೆ ಕರೆಂಟಿಗಿರುವ ತಡೆಯ ಅಳತೆಗೆ, ತಿರುಗಿಸಿದರೆ ಸಾಕು, ಹತ್ತು ಓಮೋ ಹತ್ತು ಲಕ್ಷವೋ ಅದೇ ಕಂಡುಕೊಳ್ಳುತ್ತದೆ. ಇದರ ಹಿಂದಿನ ಕತೆ ನನಗೆ ಬಹಳ ಹಿಡಿಸಿತು. 1923ರಲ್ಲಿ ಬ್ರಿಟನ್ನಿನ ಅಂಚೆ ಇಲಾಖೆಯ ಎಂಜಿನಿಯರ್ ಡೊನಾಲ್ಡ್ ಮೆಕಾಡೀ ಎಂಬಾತ, ಆಂಪಿಗೊಂದು ವೋಲ್ಟಿಗೊಂದು ಓಮಿಗೊಂದು ಪೆಟ್ಟಿಗೆ ಹೊತ್ತು ತಿರುಗುವುದು ಸಾಕಾಗಿ, ಮೂರನ್ನೂ ಒಂದರಲ್ಲೇ ಅಳೆಯುವ ಯಂತ್ರ ಮಾಡಿದನಂತೆ. ಮೂರರ ಮೊದಲಕ್ಷರ ಸೇರಿಸಿ ಅದಕ್ಕೆ ಏವೋ ಅಂತ ಹೆಸರು. ಮೂರು ಪುಸ್ತಕ ಹೊರುವವನು ಒಂದೇ ಪುಸ್ತಕದಲ್ಲಿ ಮೂರು ಕಾಲಮ್ಮು ಎಳೆದ ಹಾಗೆ. ನಮ್ಮ ಜಾತಿಯವನೇ!

ಬಂದ ದಿನ ಮಷೀನಿನ ಹತ್ತಿರ ಹೋಗಲಿಲ್ಲ. ಅಳೆಯುವ ಕೋಲೇ ಸರಿಯಿದೆಯೋ ಇಲ್ಲವೋ ಮೊದಲು ನೋಡಬೇಕಲ್ಲ. ಮಗಳ ಹಳೆಯ ಪ್ರಾಜೆಕ್ಟ್ ಡಬ್ಬದಲ್ಲಿ ಹೇಳಿದ ತಡೆಗಿಂತ ಶೇಕಡಾ 1ರಷ್ಟು ಮಾತ್ರ ಆಚೀಚೆ ಇರಬಹುದಾದ ರೆಸಿಸ್ಟರುಗಳು ಇದ್ದವು; ಹತ್ತನ್ನು ಅಳೆದು ಬರೆದುಕೊಂಡೆ. ಎಲ್ಲವೂ ಹೇಳಿದ ಮಿತಿಯೊಳಗೆ. ತಂತಿಗಳ ತುದಿಯ ಎರಡು ಸೂಜಿಗಳನ್ನು, ಅಂದರೆ ಪ್ರೋಬನ್ನು, ಒಂದಕ್ಕೊಂದು ತಾಗಿಸಿದರೆ ಸೊನ್ನೆ ಬರಬೇಕಿತ್ತು, 0.4 ಬಂತು. ಅದು ತಂತಿಯದೇ ತಡೆ. ಮುಂದೆ ಸಣ್ಣ ಅಂಕಿ ಬಂದಾಗೆಲ್ಲ ಇದನ್ನು ಕಳೆಯಬೇಕು ಅಂತ ಪುಸ್ತಕದ ಮೊದಲ ಸಾಲಲ್ಲೇ ಬರೆದಿಟ್ಟೆ. ಯಾವುದಕ್ಕೂ ತಾಗಿಸದೆ ಹಿಡಿದರೆ ಪರದೆಯ ಮೇಲೆ ‘ಓಎಲ್’ ಎಂಬ ಎರಡಕ್ಷರ. ಅಳತೆಗೆ ಸಿಗದಷ್ಟು ದೊಡ್ಡ ತಡೆ, ಅಂದರೆ ದಾರಿಯೇ ಇಲ್ಲ ಅಂತ ಅರ್ಥ. ಅಂಕಿಯ ನಿಖರತೆಯ ಬಗ್ಗೆ ಈ ಮೀಟರಿನ ಮೇಲೆ ನನ್ನದೊಂದೂ ದೂರಿಲ್ಲ. ಆರು ತಿಂಗಳಾದ ಮೇಲೂ ಅದೇ ರೆಸಿಸ್ಟರು, ಅದೇ ಅಂಕಿ.

ಮೊದಲ ಭಾನುವಾರ. ಪ್ಲಗ್ ಕಿತ್ತು, ಅದನ್ನು ಮಷೀನಿನ ತಲೆಯ ಮೇಲೆ, ನನ್ನ ಕಣ್ಣೆದುರೇ ಇಟ್ಟೆ. ಹಿಂದೆ ಎಲ್ಲೋ ಬಿದ್ದಿರುವ ಪ್ಲಗ್ಗನ್ನು ಮನೆಯಲ್ಲಿ ಯಾರಾದರೂ ಉಪಕಾರ ಮಾಡುವವರ ಹಾಗೆ ಮತ್ತೆ ಚುಚ್ಚಿಬಿಡಬಹುದು, ಈ ಒಂದು ಅಭ್ಯಾಸವನ್ನು ಮೂರೂ ವಾರ ಬಿಡಲಿಲ್ಲ. ಹಿಂದಿನ ತಗಡು ಬಿಚ್ಚಿದರೆ ದೊಡ್ಡ ಚಕ್ರ, ಅದಕ್ಕೊಂದು ಬೆಲ್ಟು, ಕೆಳಗೆ ಮೋಟಾರು, ಟಬ್ಬಿನ ಬುಡದಲ್ಲಿ ಹೀಟರಿನ ಎರಡು ಕಾಲು ಹೊರಗೆ ಇಣುಕುತ್ತಿದ್ದವು. ಎಂಟು ವರ್ಷದ ಧೂಳು, ಒಂದು ಹೇರ್‌ಪಿನ್ನು, ಯಾರದ್ದೋ ಅಂಗಿಯ ಗುಂಡಿ. ಯಾವ ತಂತಿ ಎಲ್ಲಿತ್ತು ಅನ್ನುವುದಕ್ಕೆ ಮೊದಲೇ ಫೋಟೋ ತೆಗೆದೆ, ಒಂದಲ್ಲ, ಹದಿನಾಲ್ಕು.

ಮೀಟರಿನಲ್ಲಿ ‘ಕೀ’ ಅಂತ ಕೂಗುವ ಒಂದು ಸ್ಥಾನವಿದೆ. ಎರಡು ಬಿಂದುಗಳ ನಡುವೆ ದಾರಿಯಿದ್ದರೆ ಕೂಗುತ್ತದೆ, ಕಡಿದಿದ್ದರೆ ಮೌನ. ಹೊಸಬರಿಗೆಲ್ಲ ಇದರ ಮೇಲೆ ಮೋಹ, ನನಗೂ. ಹೀಟರಿನ ಎರಡು ಕಾಲಿಗೆ ಹಿಡಿದೆ: ‘ಕೀ’. ಸರಿಯಿದೆ ಅಂದುಕೊಂಡೆ. ಆಮೇಲೆ ತಿಳಿಯಿತು, ಈ ಮೀಟರ್ ಸುಮಾರು 50 ಓಮಿಗಿಂತ ಕೆಳಗೆ ಏನಿದ್ದರೂ ಕೂಗುತ್ತದೆ. ಒಳ್ಳೆಯ ಹೀಟರಿಗೂ ‘ಕೀ’, ಒಳಗೇ ಶಾರ್ಟ್ ಆದ ಹೀಟರಿಗೂ ಅದೇ ‘ಕೀ’. ಕಿವಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಗುಂಡಿಯನ್ನು ಓಮಿಗೆ ತಿರುಗಿಸಿ ಅಂಕಿ ನೋಡಿದೆ: 27.1. ತಂತಿಯ 0.4 ಕಳೆದರೆ 26.7. ಹೀಟರಿನ ಮೇಲೆ 2000 ವ್ಯಾಟ್ ಅಂತ ಒತ್ತಿದ್ದರು. 230ನ್ನು 230ರಿಂದ ಗುಣಿಸಿ 2000ದಿಂದ ಭಾಗಿಸಿದರೆ 26.45. ಆಹಾ, ತಾಳೆಯಾಯಿತು! ಹೀಟರಿನ ಮುಂದೆ ದೊಡ್ಡದೊಂದು ಸರಿ ಗುರುತು ಹಾಕಿದೆ. ನನ್ನ ಅರ್ಧ ನಕ್ಷತ್ರ ಹೋದದ್ದು ಇಲ್ಲಿ.

ಆಮೇಲೆ ಉಳಿದವನ್ನೆಲ್ಲ ಒಂದೊಂದಾಗಿ ಹಿಡಿದೆ. ನೀರು ಹೊರಹಾಕುವ ಪಂಪು 148 ಓಮ್. ನೀರು ಒಳಬಿಡುವ ವಾಲ್ವು 3.8 ಕಿಲೋಓಮ್. ಬಾಗಿಲ ಲಾಕು, ಮೋಟಾರು, ಎಲ್ಲದಕ್ಕೂ ಏನೋ ಒಂದು ಅಂಕಿ. ಎಲ್ಲವೂ ಇರಬೇಕಾದ ಹಾಗೇ. ಆ ಸಂಜೆ ನನ್ನ ಪುಸ್ತಕದಲ್ಲಿ ಒಂದು ಪುಟ ತುಂಬ ಸರಿ ಗುರುತು, ಮನೆಯಲ್ಲಿ ಮತ್ತೆ ಕತ್ತಲು.

ಎರಡನೇ ಭಾನುವಾರದ್ದು ಹೇಳಿಕೊಳ್ಳಲು ನಾಚಿಕೆ. ಆದರೂ ಇದನ್ನು ಕೊಳ್ಳುವವರಿಗೆ ಗೊತ್ತಿರಲೇಬೇಕು. ಮಷೀನು ಎಷ್ಟು ಕರೆಂಟು ಎಳೆಯುತ್ತದೆ ಅಂತ ಅಳೆಯುವ ಯೋಚನೆ ಬಂದು, ಕೆಂಪು ತಂತಿಯನ್ನು ‘10ಎ’ ಅಂತ ಬರೆದಿದ್ದ ತೂತಿಗೆ ಬದಲಿಸಿದೆ. ಅದನ್ನು ಅಳೆಯಬೇಕಾದರೆ ತಂತಿ ಕಡಿದು ನಡುವೆ ಮೀಟರ್ ಸೇರಿಸಬೇಕು ಅಂತ ಓದಿ, ಪುಣ್ಯಕ್ಕೆ ಹೆದರಿ ಕೈಬಿಟ್ಟೆ. ಕೆಂಪು ತಂತಿಯನ್ನು ಮಾತ್ರ ಅಲ್ಲಿಂದ ಕೀಳಲು ಮರೆತೆ. ಅರ್ಧ ಗಂಟೆಯ ಮೇಲೆ, ಸಾಕೆಟ್ಟಿನಲ್ಲಿ ವೋಲ್ಟೇಜ್ ಸರಿಯಾಗಿ ಬರುತ್ತಿದೆಯೇ ನೋಡೋಣ ಅಂತ ಗುಂಡಿಯನ್ನು ವೋಲ್ಟಿಗೆ ತಿರುಗಿಸಿ ಎರಡೂ ಪ್ರೋಬನ್ನು ಸಾಕೆಟ್ಟಿಗೆ ಚುಚ್ಚಿದೆ.

ಕಣ್ಣೆದುರು ಬಿಳಿ ಬೆಳಕು, ಪಟಾಕಿಯಂಥ ಸದ್ದು, ಗೋಡೆಯ ಎಂಸಿಬಿ ಸ್ವಿಚ್ಚು ಕೆಳಗೆ. ಕೆಂಪು ಪ್ರೋಬಿನ ತುದಿ ಕರಗಿ ಸಾಸಿವೆ ಕಾಳಿನಂತೆ ಉಂಡೆಯಾಗಿತ್ತು. ನಮ್ಮವರು ಓಡಿ ಬಂದು ನನ್ನ ಕೈ ತಿರುಗಿಸಿ ತಿರುಗಿಸಿ ನೋಡಿದರು. ಏನೂ ಆಗಿರಲಿಲ್ಲ. ಅವರು ಏನೂ ಅನ್ನಲಿಲ್ಲ, ಅದೇ ಹೆಚ್ಚು ಚುಚ್ಚಿತು.

ಆದದ್ದಿಷ್ಟು. ಆಂಪ್ ತೂತಿನ ಒಳಗೆ ಇರುವುದು ದಪ್ಪ ತಂತಿಯ ತುಂಡಿನಂಥದು, ತಡೆ ಇಲ್ಲವೆನ್ನುವಷ್ಟು ಕಡಿಮೆ. ಗುಂಡಿ ಎಲ್ಲಿದ್ದರೂ ಅಷ್ಟೇ. ಅಲ್ಲಿಗೆ ಪ್ರೋಬ್ ಹಾಕಿ ಸಾಕೆಟ್ಟಿಗೆ ಹಿಡಿಯುವುದೂ ಫೇಸು ನ್ಯೂಟ್ರಲ್ಲನ್ನು ಕಬ್ಬಿಣದ ಸರಳಿನಿಂದ ಕೂಡಿಸುವುದೂ ಒಂದೇ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅಂತ ನೀವು ನಗಬಹುದು. ಒಪ್ಪಿದೆ, ಮರೆತದ್ದು ನಾನೇ. ಆದರೆ ಆ ತೂತಿನ ಪಕ್ಕ ಇರುವೆ ಗಾತ್ರದ ಅಕ್ಷರದಲ್ಲಿ ‘ಅನ್‌ಫ್ಯೂಸ್ಡ್’ ಅಂತ ಬರೆದಿದೆ, ಅಂದರೆ ಆ ದಾರಿಯಲ್ಲಿ ಒಳಗೆ ಫ್ಯೂಸೇ ಇಲ್ಲ. ಅದೇ ಮುಖದ ಮೇಲೆ ದಪ್ಪಗೆ ‘ಕ್ಯಾಟ್ 3, 600 ವೋಲ್ಟ್’ ಅಂತಲೂ ಇದೆ. ಕ್ಯಾಟ್ ಅನ್ನುವುದು ಐಇಸಿ 61010 ಎಂಬ ಸುರಕ್ಷತಾ ಮಾನದಂಡದ ದರ್ಜೆ. 2 ಅಂದರೆ ಸಾಕೆಟ್ಟಿಗೆ ಚುಚ್ಚುವ ಸಾಮಾನುಗಳ ಮಟ್ಟ, 3 ಅಂದರೆ ಕಟ್ಟಡದ ಒಳಗಿನ ಮೇನ್ ಬಾಕ್ಸಿನ ಮಟ್ಟ. ಫ್ಯೂಸಿಲ್ಲದ ತೂತಿನ ಪಕ್ಕದಲ್ಲೇ ಆ ಮುದ್ರೆಯನ್ನು ಯಾವ ಧೈರ್ಯದ ಮೇಲೆ ಒತ್ತಿದರೋ! ಫ್ಯೂಸಿದ್ದಿದ್ದರೆ ನನ್ನ ತಪ್ಪಿಗೆ ಒಂದು ಫ್ಯೂಸು ಹೋಗುತ್ತಿತ್ತು, ಅಷ್ಟೆ. ನನ್ನನ್ನು ಆ ದಿನ ಕಾಪಾಡಿದ್ದು ಗೋಡೆಯ ಮೇಲಿನ ಎಂಸಿಬಿ, ಕೈಯಲ್ಲಿದ್ದ ಮೀಟರ್ ಅಲ್ಲ. ಮೀಟರಿನ ಪೂರ್ತಿ ಒಂದು ನಕ್ಷತ್ರ ಇದಕ್ಕೇ ಕಳೆದೆ. ಮರುದಿನ ಆ ತೂತಿಗೆ ಇನ್ಸುಲೇಷನ್ ಟೇಪು ಮೆತ್ತಿದೆ. ಇವತ್ತಿಗೂ ಹಾಗೇ ಇದೆ, ಅದರ ಅಗತ್ಯ ಒಮ್ಮೆಯೂ ಬಿದ್ದಿಲ್ಲ. ಹೊಸ ಪ್ರೋಬ್ ಜೋಡಿಯನ್ನು ಬೇರೆಯಾಗಿ ಕೊಂಡೆ. ಅವುಗಳ ತಂತಿ ಸಿಲಿಕೋನಿನದು, ದಾರದಂತೆ ಮೆತ್ತಗಿದೆ; ಜೊತೆಗೆ ಬಂದಿದ್ದವು ಒಣಗಿದ ಬಳ್ಳಿಯಂತೆ ಸೆಟೆದುಕೊಂಡಿರುತ್ತಿದ್ದವು.

ಆ ವಾರವೆಲ್ಲ ಮಷೀನಿನ ಕಡೆ ತಿರುಗಿಯೂ ನೋಡಲಿಲ್ಲ. ತಗಡು ಮುಚ್ಚಿ, ಬೋರ್ಡಿಗೇ ದುಡ್ಡು ಕೊಟ್ಟುಬಿಡೋಣ ಅನ್ನುವ ಹಂತಕ್ಕೆ ಬಂದಿದ್ದೆ. ಗುರುವಾರ ಸಂಜೆ ಬಂದರೆ ಹಗ್ಗದ ಮೇಲೆ ಮಗಳ ಬಣ್ಣ ಬಿಡುವ ಅಂಗಿಗಳು ಸಾಲಾಗಿ ಒಣಗುತ್ತಿದ್ದವು.

“ಕೈಯಲ್ಲಿ ಒಗೆದ್ಯಾ?”

“ಇಲ್ಲಮ್ಮ, ಮಷೀನಲ್ಲೇ. ತಣ್ಣೀರಲ್ಲಿ. ನಂದು ಯಾವತ್ತೂ ಬಿದ್ದೇ ಇಲ್ವಲ್ಲ.”

ಯಾವತ್ತೂ! ಮೂರು ವಾರದಿಂದ ಈ ಮನೆಯಲ್ಲೇ ಇದ್ದ ಮಾತು. ನಾನು ಕೇಳಿರಲಿಲ್ಲ, ರಿಪೇರಿಯವನೂ ಕೇಳಿರಲಿಲ್ಲ. ನನ್ನ ಕೈಕೆಳಗೆ ಕಲಿಯಲು ಬರುವ ಹುಡುಗರಿಗೆಲ್ಲ ನಾನು ಮೊದಲ ದಿನ ಹೇಳುವುದು ಏನು? ಲೆಕ್ಕ ಕೂಡದಿದ್ದರೆ ಮೊದಲ ಪುಟದಿಂದ ಒಂದೊಂದೇ ಸಾಲು ನೋಡಬೇಡಿ. ವರ್ಷದ ನಡುವಿಗೆ ಹೋಗಿ, ಅಲ್ಲಿಯವರೆಗೆ ಸರಿಯಿದೆಯಾ ನೋಡಿ, ತಪ್ಪಿರುವ ಅರ್ಧವನ್ನು ಮತ್ತೆ ಅರ್ಧ ಮಾಡಿ. ಮಷೀನಿನ ಮುಂದೆ ಕೂತು ನಾನು ಮಾಡಿದ್ದು ಅದರ ಉಲ್ಟಾ. ಮೀಟರ್ ಕೈಗೆ ಬಂದ ಖುಷಿಯಲ್ಲಿ ಸಿಕ್ಕಿದ್ದನ್ನೆಲ್ಲ ಅಳೆದಿದ್ದೆ. ತಣ್ಣೀರಿಗೆ ಬೀಳುವುದಿಲ್ಲ, ಬಿಸಿನೀರಿಗೆ ಬೀಳುತ್ತದೆ: ಒಂದೇ ಪ್ರಶ್ನೆಗೆ ಪಂಪು, ವಾಲ್ವು, ಮೋಟಾರು, ಲಾಕು ಎಲ್ಲವೂ ನಿರ್ದೋಷಿ. ಉಳಿಯುವುದು ಹೀಟರು, ಅದರ ತಂತಿ, ಅದನ್ನು ಚಾಲೂ ಮಾಡುವ ಬೋರ್ಡಿನ ಒಂದು ಮೂಲೆ.

ಆದರೆ ಹೀಟರಿನ ಮುಂದೆ ಸರಿ ಗುರುತು ಇತ್ತಲ್ಲ, 26.7?

ರಾತ್ರಿ ಮಲಗಿಕೊಂಡು ಆ ಆರ್‌ಸಿಸಿಬಿ ಯಾಕೆ ಬೀಳುತ್ತದೆ ಅಂತ ಯೋಚಿಸಿದೆ. ಎಂಸಿಬಿ ಬೀಳುವುದು ಕರೆಂಟು ಹೆಚ್ಚಾದರೆ. ಆರ್‌ಸಿಸಿಬಿಗೆ ಎಷ್ಟು ಹರಿಯಿತು ಅನ್ನುವುದರ ಗೊಡವೆ ಇಲ್ಲ. ಫೇಸಿನಲ್ಲಿ ಹೋದದ್ದು ನ್ಯೂಟ್ರಲ್ಲಿನಲ್ಲಿ ಅಷ್ಟಕ್ಕಷ್ಟು ವಾಪಸ್ ಬಂತಾ, ಅಷ್ಟೇ ಅದರ ಚಿಂತೆ. ಹೋದದ್ದಕ್ಕೂ ಬಂದದ್ದಕ್ಕೂ 30 ಮಿಲಿಆಂಪಿನ ವ್ಯತ್ಯಾಸ ಕಂಡರೆ, ಎಲ್ಲೋ ಸೋರುತ್ತಿದೆ ಅಂತ ಕಡಿದುಹಾಕುತ್ತದೆ. ಆ ಸೋರಿಕೆ ಮನುಷ್ಯನ ಮೈಮೂಲಕವೂ ಇರಬಹುದು, ಅದಕ್ಕೇ ಅಷ್ಟು ಅವಸರ. ಎದ್ದು ಕೂತೆ. ಗೋಡೆಯ ಮೇಲೆ ಇಷ್ಟು ವರ್ಷದಿಂದ ಒಬ್ಬ ಆಡಿಟರ್ ಕೂತಿದ್ದಾನೆ, ನನಗೇ ಗೊತ್ತಿಲ್ಲ!

ನಮ್ಮ ಕಸುಬಿನಲ್ಲಿ ಇನ್ನೊಂದು ಹಳೆಯ ಪಾಠವಿದೆ. ತಾಳೆಪಟ್ಟಿಯ ಎರಡು ಬದಿಯ ಮೊತ್ತ ಸರಿಹೊಂದಿತು ಅಂದ ಮಾತ್ರಕ್ಕೆ ಪುಸ್ತಕ ಸರಿಯಿದೆ ಅಂತಲ್ಲ. ಒಬ್ಬನ ಖಾತೆಗೆ ಹೋಗಬೇಕಾದ್ದು ಇನ್ನೊಬ್ಬನ ಖಾತೆಗೆ ಹೋಗಿದ್ದರೂ ಮೊತ್ತ ಹೊಂದುತ್ತದೆ. ಹೀಟರಿನ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ 26.7 ಓಮ್, ಸರಿಯೇ. ಆದರೆ ಕಾಲಿನಿಂದ ಮೈಗೆ? ಹೀಟರಿನ ಒಳಗೆ ಕಾಯುವ ತಂತಿ ಬೇರೆ, ಹೊರಗಿನ ಲೋಹದ ಕೊಳವೆ ಬೇರೆ. ಎರಡರ ನಡುವೆ ಮೆಗ್ನೀಸಿಯಂ ಆಕ್ಸೈಡಿನ ಪುಡಿ ಒತ್ತಿ ತುಂಬಿರುತ್ತಾರೆ. ಬಿಸಿಯನ್ನು ದಾಟಿಸಬೇಕು, ಕರೆಂಟನ್ನು ದಾಟಿಸಬಾರದು, ಅದಕ್ಕೆ. ಕೊಳವೆ ಅರ್ಥಿಂಗಿಗೆ ಕಟ್ಟಿರುತ್ತದೆ. ಆ ಪುಡಿಗೆ ನೀರು ಹೀರುವ ಗುಣ. ಕೊಳವೆ ಎಲ್ಲಾದರೂ ಬಿರಿದರೆ ಮುಗಿಯಿತು.

ನಾನು ಮೀಟರಿಗೆ ಈ ಪ್ರಶ್ನೆಯನ್ನೇ ಕೇಳಿರಲಿಲ್ಲ. ಕೇಳದ್ದಕ್ಕೆ ಅದು ಉತ್ತರ ಕೊಟ್ಟಿರಲಿಲ್ಲ.

ಮೂರನೇ ಭಾನುವಾರ ಹೀಟರಿನ ಎರಡೂ ತಂತಿ ಬಿಡಿಸಿದೆ. ಬಿಡಿಸದೆ ಅಳೆದರೆ ಬೇರೆ ದಾರಿಯಿಂದ ಸುತ್ತಿ ಬರುವ ಅಂಕಿಯೂ ಸೇರಿಕೊಳ್ಳುತ್ತದೆ. ಒಂದು ಪ್ರೋಬ್ ಕಾಲಿಗೆ, ಇನ್ನೊಂದು ನಡುವಿನ ಬೋಲ್ಟಿಗೆ, ಅಂದರೆ ಮೈಗೆ. ಓಎಲ್ ಬರಬೇಕು. ಪರದೆಯ ಮೇಲೆ ಅಂಕಿಗಳು ಕುಣಿದು ಕುಣಿದು ನಿಂತವು: 380.2. ಅಬ್ಬಾ, ಬರೀ 380 ಓಮ್! ಎದೆ ಹೊಡೆದುಕೊಂಡಿತು. ಕನ್ನಡಕ ಹಾಕಿ ಟಾರ್ಚ್ ಬಿಟ್ಟು ನೋಡಿದರೆ ಮೂಲೆಯಲ್ಲಿ ಅಕ್ಕಿ ನುಚ್ಚಿನಷ್ಟು ಗಾತ್ರದಲ್ಲಿ ‘ಕೆ’. ಮೂರು ಲಕ್ಷದ ಎಂಬತ್ತು ಸಾವಿರ ಓಮ್. ತಯಾರಿಸಿದವರಲ್ಲಿ ನನ್ನದೊಂದು ವಿನಂತಿ: ಅಂಕಿಯನ್ನು ಹೆಬ್ಬೆರಳಷ್ಟು ದೊಡ್ಡದು ಮಾಡಿ, ಅದನ್ನು ಸಾವಿರ ಪಟ್ಟು ಬದಲಿಸುವ ಅಕ್ಷರವನ್ನು ಇಷ್ಟು ಚಿಕ್ಕದು ಮಾಡಬೇಡಿ. ಚೆಕ್ಕಿನ ಮೇಲೆ ಹೀಗೆ ಬರೆದರೆ ಬ್ಯಾಂಕಿನವರು ವಾಪಸ್ ಕಳಿಸುತ್ತಾರೆ.

ಓಎಲ್ ಅಲ್ಲ, ಸೋರಿಕೆ ಇದೆ, ಸರಿ. ಆದರೆ ಲೆಕ್ಕ ಹಾಕಿದರೆ ಮತ್ತೆ ತಾಳೆಯಾಗಲಿಲ್ಲ. 230 ವೋಲ್ಟಿಗೆ 3,80,000 ಓಮ್ ಅಂದರೆ ಸೋರುವುದು ಬರೀ 0.6 ಮಿಲಿಆಂಪ್. 30 ಮಿಲಿಆಂಪ್ ಸೋರಬೇಕಾದರೆ ತಡೆ ಸುಮಾರು 7,700 ಓಮಿಗೆ ಇಳಿಯಬೇಕು. ಐವತ್ತು ಪಟ್ಟು ವ್ಯತ್ಯಾಸ. ನಾನು ಅಲ್ಲೇ ತಂತಿಗಳ ನಡುವೆ ಕೂತು ಈ ವ್ಯತ್ಯಾಸದ ಜಾಡು ಹಿಡಿದೆ. ಬೇರೆ ಯಾರಾದರೂ ಆಗಿದ್ದರೆ ಸುಮ್ಮನೆ ಹೀಟರ್ ಬದಲಿಸುತ್ತಿದ್ದರು.

ವಿಷಯ ಇಷ್ಟೇ. ಓಮ್ ಅಳೆಯುವಾಗ ಮೀಟರ್ ಆ ಹೀಟರಿಗೆ ಕೊಡುವುದು ತನ್ನ ಸಣ್ಣ ಸೆಲ್ಲಿನ ಒಂದೆರಡು ವೋಲ್ಟ್. ಮಷೀನು ಕೊಡುವುದು 230. ಅದೂ ಅಲೆಯ ತುದಿಯಲ್ಲಿ 325ರವರೆಗೆ ಏರುತ್ತದೆ. ಒದ್ದೆ ಬಿರುಕಿನ ಮೇಲೆ ಆ ಒತ್ತಡ ಬಿದ್ದಾಗ, ಹೀಟರ್ ಕಾದಾಗ, ತಡೆ ಪೂರ್ತಿ ಬೇರೆಯೇ. ಸೋರಿಕೆಯನ್ನು ಸರಿಯಾಗಿ ನೋಡುವ ಯಂತ್ರವೇ ಬೇರೆ, ಮೆಗ್ಗರ್ ಅಂತ. ಅದು 500 ವೋಲ್ಟ್ ಕೊಟ್ಟು ಅಳೆಯುತ್ತದೆ. ಅಂದರೆ ನನ್ನ ಹಳದಿ ಮೀಟರು ‘ಸೋರುತ್ತಿದೆ’ ಅಂದರೆ ನಂಬಬಹುದು, ‘ಸೋರುತ್ತಿಲ್ಲ’ ಅಂದರೆ ಪೂರ್ತಿ ನಂಬುವ ಹಾಗಿಲ್ಲ. ಇದು ಮೀಟರಿನ ದೋಷವಲ್ಲ, ಈ ಬಗೆಯ ಮೀಟರಿನ ಮಿತಿ. ಪೆಟ್ಟಿಗೆಯಲ್ಲಿ ಬಂದ ನಾಲ್ಕು ಮಡಿಕೆಯ ಕಾಗದದಲ್ಲಿ ಇದರ ಬಗ್ಗೆ ಒಂದು ಸಾಲಾದರೂ ಇರಬಹುದಿತ್ತು.

ಹೀಟರ್ ಕೀಳುವುದು ನಾನು ಹೆದರಿದಷ್ಟು ಕಷ್ಟವಿರಲಿಲ್ಲ. ನಡುವಿನ ನಟ್ಟನ್ನು ಪೂರ್ತಿ ತೆಗೆಯದೆ ತುದಿಯವರೆಗೆ ಸಡಿಲಿಸಿ, ಬೋಲ್ಟನ್ನು ಒಳಕ್ಕೆ ತಟ್ಟಬೇಕು; ಆಗ ಉಬ್ಬಿಕೊಂಡಿದ್ದ ರಬ್ಬರ್ ಗ್ಯಾಸ್ಕೆಟ್ಟು ಸಡಿಲವಾಗುತ್ತದೆ. ಆಮೇಲೆ ಅಲ್ಲಾಡಿಸುತ್ತ ಎಳೆಯುವುದು. ಮುಂದಿನ ಫಿಲ್ಟರಿನಿಂದ ನೀರೆಲ್ಲ ತೆಗೆದಿದ್ದೇನೆ ಅಂದುಕೊಂಡಿದ್ದೆ. ಟಬ್ಬಿನ ತಳದಲ್ಲಿ ಉಳಿದಿದ್ದ ನೀರು ಹೀಟರಿನ ಹಿಂದೆಯೇ ಹೊರಬಂದು ನನ್ನ ಮಡಿಲು ತುಂಬಿತು. ಟವೆಲ್ಲು ಮೊದಲೇ ಹಾಸಿಟ್ಟುಕೊಳ್ಳಿ.

ಹೊರಬಂದ ಹೀಟರು ಸುಣ್ಣದ ಹವಳದಂತಿತ್ತು. ಗಡಸು ನೀರಿನ ಕೆಲಸ. ಬಾಗಿದ ಜಾಗದಲ್ಲಿ ಉಗುರಿನಿಂದ ಕೆರೆದರೆ ಸುಣ್ಣ ಚಕ್ಕೆಯಾಗಿ ಎದ್ದು, ಕೆಳಗೆ ಕೂದಲೆಳೆಯಂಥ ಬಿರುಕು. ಅಲ್ಲೇ ಕೂತು ಅದನ್ನು ಬಹಳ ಹೊತ್ತು ನೋಡಿದೆ. ಇದಕ್ಕೆ ಬೋರ್ಡ್ ಬದಲಿಸಿದ್ದರೆ, ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ ಆಗುತ್ತಿತ್ತು. ಹೊಸ ಬೋರ್ಡ್ ಹಾಕಿದ ದಿನವೇ ಮತ್ತೆ ‘ಟಪ್’.

ಹೊಸ ಹೀಟರ್ ತರಿಸುವಾಗ ಒಂದು ಸಲ ಎಡವಿದೆ. ವ್ಯಾಟು, ಉದ್ದ ಎರಡೂ ನೋಡಿದ್ದೆ, ಶಾಖ ಅಳೆಯುವ ಸೆನ್ಸರ್ ಕೂರಲು ತೂತಿದೆಯೇ ಅಂತ ನೋಡಿರಲಿಲ್ಲ. ವಾಪಸ್ ಕಳಿಸಿ ತೂತಿರುವುದನ್ನು ತರಿಸಿದೆ. ಈ ಸಲ ಜಾಣತನ ಬಂದಿತ್ತು: ಪೆಟ್ಟಿಗೆಯಿಂದ ತೆಗೆದ ಕೂಡಲೇ ಎರಡೂ ಪ್ರಶ್ನೆ ಕೇಳಿದೆ. ಕಾಲಿಂದ ಕಾಲಿಗೆ, ತಂತಿಯದು ಕಳೆದು, 26.3. ಕಾಲಿಂದ ಮೈಗೆ ಓಎಲ್. ಗ್ಯಾಸ್ಕೆಟ್ಟಿಗೆ ಸೋಪಿನ ನೀರು ಸವರಿ ಒಳಗೆ ಜಾರಿಸುವಾಗ ಇನ್ನೊಂದು ಎಚ್ಚರ ಬೇಕು. ಟಬ್ಬಿನ ಒಳಗೆ ಹೀಟರಿನ ಮೂತಿ ಹೋಗಿ ಕೂರಬೇಕಾದ ಒಂದು ಕೊಂಡಿ ಇರುತ್ತದೆ. ಅದಕ್ಕೆ ಸಿಕ್ಕದೆ ಮೇಲೆ ಹೋದರೆ ಹೀಟರು ಡ್ರಮ್ಮಿಗೆ ಉಜ್ಜುತ್ತದೆ. ಕೈಯಿಂದ ಡ್ರಮ್ಮು ತಿರುಗಿಸಿ, ಕಿವಿಗೊಟ್ಟು ಕೇಳಿ, ಆಮೇಲೆ ನಟ್ಟು ಬಿಗಿದೆ. ಅರ್ಥಿಂಗ್ ತಂತಿಯನ್ನು ಎರಡು ಸಲ ಎಳೆದು ನೋಡಿದೆ.

60 ಡಿಗ್ರಿಗೆ ಇಟ್ಟು, ಸ್ಟೂಲು ಹಾಕಿಕೊಂಡು ಎದುರಿಗೆ ಕೂತೆ. ಹತ್ತು ನಿಮಿಷ. ಹನ್ನೆರಡು. ಹದಿನೈದು. ನಮ್ಮವರು ಟಾರ್ಚ್ ಹಿಡಿದೇ ನಿಂತಿದ್ದರು. ಇಪ್ಪತ್ತಕ್ಕೆ ಬಾಗಿಲಿನ ಗಾಜಿಗೆ ಅಂಗೈ ಇಟ್ಟೆ, ಬೆಚ್ಚಗಿತ್ತು. ಅವರು ಟಾರ್ಚ್ ಆರಿಸಿ ಒಳಗೆ ಹೋದರು.

ಅದಾದ ಮೇಲೆ ಈ ಮೀಟರು ಮನೆಯ ಸದಸ್ಯನಾಗಿದೆ. ಇಸ್ತ್ರಿಪೆಟ್ಟಿಗೆ ಕಾಯದೆ ನಿಂತಾಗ ಒಳಗಿನ ಥರ್ಮಲ್ ಫ್ಯೂಸು ಹಾರಿದ್ದು ಎರಡು ನಿಮಿಷದಲ್ಲಿ ಗೊತ್ತಾಯಿತು. ಅದರ ಜಾಗಕ್ಕೆ ತಂತಿ ತುಂಡು ಬೆಸೆಯುವವರಿದ್ದಾರೆ. ಬೇಡ, ಮಿತಿಮೀರಿ ಕಾದಾಗ ತಾನು ಸತ್ತು ಮನೆ ಉಳಿಸುವ ಸಾಮಾನು ಅದು. ಅದೇ ಡಿಗ್ರಿಯ, ಅದೇ ಆಂಪಿನ ಹೊಸದನ್ನೇ ಹಾಕಿಸಿ, ಅದು ಯಾಕೆ ಹಾರಿತು ಅಂತಲೂ ನೋಡಬೇಕು. ಮೈಕ್ರೋವೇವ್ ಒಲೆಯನ್ನು ಮಾತ್ರ ಇದನ್ನು ಹಿಡಿದು ಬಿಚ್ಚಲು ಹೋಗಬೇಡಿ. ಅದರ ಕೆಪಾಸಿಟರಿನಲ್ಲಿ 2000 ವೋಲ್ಟಿನ ಆಚೀಚೆ, ಪ್ಲಗ್ ಕಿತ್ತ ಮೇಲೂ ಉಳಿದಿರಬಹುದು. ಈ ಮೀಟರಿಗೂ ನಿಮಗೂ ಅದು ತಾಳುವ ಮಾತಲ್ಲ. ನಾನು ಆ ಕಡೆ ಹೋಗಿಲ್ಲ, ಹೋಗುವುದೂ ಇಲ್ಲ.

ಸಣ್ಣಪುಟ್ಟ ದೂರುಗಳು. ಅಂಕಿಯನ್ನು ಹಿಡಿದಿಡುವ ‘ಹೋಲ್ಡ್’ ಗುಂಡಿ ಹೆಬ್ಬೆರಳು ಕೂರುವ ಜಾಗದಲ್ಲೇ ಇದೆ. ತಿಳಿಯದೆ ಒತ್ತಿಹೋದರೆ ಹಳೆಯ ಸೊನ್ನೆಯೇ ಪರದೆಯ ಮೇಲೆ ನಿಂತಿರುತ್ತದೆ. ಕರೆಂಟಿಲ್ಲ ಅಂದುಕೊಂಡು ಕೈ ಹಾಕಿದರೆ? ಅದಕ್ಕೇ ಈಗ ಕರೆಂಟು ಇರುವುದು ಖಚಿತವಿರುವ ಸಾಕೆಟ್ಟಿಗೆ ಮೊದಲು ಹಿಡಿಯುತ್ತೇನೆ, ಆಮೇಲೆ ನೋಡಬೇಕಾದ ಕಡೆ, ಆಮೇಲೆ ಮತ್ತೆ ಅದೇ ಸಾಕೆಟ್ಟಿಗೆ. ಮೂರು ಸಲ ಹಿಡಿಯುವುದು ನೋಡಿ ಮಗಳು ನಗುತ್ತಾಳೆ. ತಂತಿಯ ಹತ್ತಿರ ಹಿಡಿದರೆ ಮುಟ್ಟದೆಯೇ ಕೂಗುವ ಸೌಕರ್ಯವೂ ಇದರಲ್ಲಿದೆ. ಪಕ್ಕದ ತಂತಿಗೂ ಕೂಗುತ್ತದೆ, ಆದ್ದರಿಂದ ಅದನ್ನು ಲೆಕ್ಕಕ್ಕಿಟ್ಟಿಲ್ಲ. ಹಾಗೆಯೇ ಎರಡೂ ತುದಿ ಬಿಡಿಸಿದ ತಂತಿಯಲ್ಲೂ ಒಮ್ಮೊಮ್ಮೆ ನಲವತ್ತು ಐವತ್ತು ವೋಲ್ಟ್ ತೋರಿಸಿ ಹೆದರಿಸುತ್ತದೆ. ಪಕ್ಕದಲ್ಲಿ ಕರೆಂಟಿರುವ ತಂತಿಯ ನೆರಳು ಅದು, ಮೀಟರಿನ ಕಿವಿ ಸೂಕ್ಷ್ಮ.

ಕೊಳ್ಳಬಹುದಾ ಅಂದರೆ, ಇದೇ ಬೆಲೆಗೆ ಆಂಪ್ ತೂತೇ ಇಲ್ಲದ್ದು ಸಿಕ್ಕರೆ ಅದನ್ನು ಕೊಳ್ಳಿ. ಸ್ವಲ್ಪ ಹೆಚ್ಚು ಕೊಟ್ಟು ಕೆಂಪು ತಂತಿಯ ಎರಡೂ ತೂತಿಗೆ ಫ್ಯೂಸಿರುವುದು ಸಿಕ್ಕರೆ ಇನ್ನೂ ಒಳ್ಳೆಯದು. ಇದನ್ನೇ ಕೊಂಡರೆ ಜೊತೆಗೆ ಒಂದು ಸುರುಳಿ ಟೇಪು ಕೊಳ್ಳಿ.

ಹಳೆಯ ಹೀಟರನ್ನು ಎಸೆದಿಲ್ಲ, ಕಿಟಕಿಯ ಮೇಲೆ ಒಣಗುತ್ತ ಬಿದ್ದಿತ್ತು. ನಿನ್ನೆ ಇದನ್ನು ಬರೆಯಲು ಕೂತಾಗ ಸುಮ್ಮನೆ ಇನ್ನೊಮ್ಮೆ ಅಳೆದೆ. ಕಾಲಿಂದ ಕಾಲಿಗೆ 27.1. ಕಾಲಿಂದ ಮೈಗೆ ಓಎಲ್! ಬಿರುಕು ಕಣ್ಣಿಗೆ ಕಾಣುತ್ತಿದೆ, ಮೀಟರ್ ಪ್ರಕಾರ ಅಪ್ಪಟ ನಿರಪರಾಧಿ. ಒಣಗಿದ್ದಾನೆ, ಅಷ್ಟೆ. ಕಾಲುಗಳೆರಡು ಮೇಲೆ ಒಣಗಿರುವ ಹಾಗೆ, ಬಿರುಕಿರುವ ಬಾಗು ಮುಳುಗುವ ಹಾಗೆ ಒಂದು ಬಕೆಟ್ ನೀರಿನಲ್ಲಿ ನಿಲ್ಲಿಸಿಟ್ಟಿದ್ದೇನೆ. ಬೆಳಿಗ್ಗೆ ಎದ್ದು ಮತ್ತೆ ಕೇಳಬೇಕು.